ಕಡ್ಡಿ ಎಷ್ಟು ಒಳಗೆ ಹೋಗಬೇಕು?

ಉಳ್ಳಾಲದ ಕಡೆ ಒಂದು ಮನೆ, 2021ರ ಮೇ ತಿಂಗಳು. ಪಿಪಿಇ ಕಿಟ್ಟಿನೊಳಗೆ ಬೆವರು ಬೆನ್ನಿನಿಂದ ಇಳಿದು ಕಾಲಿನ ಸಾಕ್ಸ್ ಒದ್ದೆಯಾಗಿತ್ತು. ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದ ಅಜ್ಜಿ ಎಲೆಯ ತಡ್ಪೆ ಬದಿಗಿಟ್ಟು, ಕೋವಿಡ್ ಟೆಸ್ಟಿಗೆ ಮೂಗಿನೊಳಗೆ ಹಾಕಲಿಕ್ಕೆ ನನ್ನ ಕೈಯಲ್ಲಿದ್ದ ಉದ್ದದ ಕಡ್ಡಿ ನೋಡಿ ಕೇಳಿದರು: "ಇದು ಮಂಡೆಗೆ ಮುಟ್ಟುತ್ತದಾ ಮಗಾ?" ನಾನು ಸಮಾಧಾನ ಹೇಳುವ ಭರದಲ್ಲಿ, "ಮಂಡೆಗೆಲ್ಲ ಇಲ್ಲ ಅಜ್ಜಿ, ಕಿವಿಯ ಬುಡದವರೆಗೆ ಅಷ್ಟೇ" ಅಂದೆ. ಅಜ್ಜಿ ಎದ್ದು ಒಳಗೆ ಹೋದರು. ಅವರನ್ನು ಮತ್ತೆ ಜಗಲಿಗೆ ತರಲಿಕ್ಕೆ ಮೊಮ್ಮಗನಿಗೆ ಅರ್ಧ ಗಂಟೆ ಬೇಕಾಯಿತು.

ನಾನು ಲ್ಯಾಬ್ ಟೆಕ್ನಿಷಿಯನ್. ಮನೆ ಕೂಳೂರು, ಕೆಲಸ ಕಂಕನಾಡಿಯ ಹತ್ತಿರದ ಒಂದು ಸಣ್ಣ ಲ್ಯಾಬಿನಲ್ಲಿ. ಎರಡು ವರ್ಷ ಮನುಷ್ಯರ ಮುಖ ನೋಡದೆ ಬರೀ ಮೂಗು ನೋಡಿದವಳು ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ. ಆ ಕಾಲ ಮುಗಿಯಿತು ಅಂದುಕೊಂಡರೂ ಮಳೆ ಹಿಡಿದು ಶೀತ-ಜ್ವರ ಸುರುವಾದರೆ ನನಗೆ ಫೋನ್ ಬರುವುದು ನಿಂತಿಲ್ಲ. 2025ರ ಮೇ-ಜೂನಿನಲ್ಲಿ ಕೇರಳದಲ್ಲಿ ಕೇಸು ಹೆಚ್ಚಾದ ಸುದ್ದಿ ಬಂದಾಗಲೂ ಅದೇ ಪ್ರಶ್ನೆ: "ಮೆಡಿಕಲ್‌ನಿಂದ ಕಿಟ್ ತಂದಿದ್ದೇವೆ, ಕಡ್ಡಿ ಎಷ್ಟು ಒಳಗೆ ಹಾಕಬೇಕು?" ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಈ ಗೊಂದಲ ಎಲ್ಲಿಂದ ಬಂತು ಅಂತ ಹೇಳಬೇಕು. 2020ರ ಜೂನ್ 14ರಂದು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ರ್‍ಯಾಪಿಡ್ ಆಂಟಿಜನ್ ಕಿಟ್‌ಗೆ ಒಪ್ಪಿಗೆ ಕೊಟ್ಟಿತು. ಮೂಗಿನ ಮಾದರಿಯಲ್ಲಿ ವೈರಸ್ ಪ್ರೋಟೀನು ಉಂಟಾ ಅಂತ ಒಂದು ಕಾರ್ಡಿನ ಮೇಲೆ ಗೆರೆ ಮೂಡಿಸಿ ತೋರಿಸುವ ಟೆಸ್ಟ್ ಇದು. ಆ ಮೊದಲ ಕಿಟ್, ಎಸ್‌ಡಿ ಬಯೋಸೆನ್ಸರ್ ಕಂಪೆನಿಯ ಸ್ಟ್ಯಾಂಡರ್ಡ್ ಕ್ಯೂ. ಅದರ ಕಡ್ಡಿ ಮೂಗಿನ ತೀರಾ ಹಿಂದಿನವರೆಗೆ ಹೋಗಬೇಕಿತ್ತು, ಮತ್ತು ಅದನ್ನು ಹಾಕುವುದು ನಮ್ಮಂಥವರ ಕೆಲಸವಾಗಿತ್ತು. ಆಮೇಲೆ 2021ರ ಮೇ 19ಕ್ಕೆ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟಿಗೆ ಸೂಚನೆ ಬಂತು. ಪುಣೆಯ ಮೈಲ್ಯಾಬ್‌ನ ಕೋವಿಸೆಲ್ಫ್, ಆಗ ಬೆಲೆ 250 ರೂಪಾಯಿ. ಅದರ ಕಡ್ಡಿ ಮೂಗಿನ ಹಿಂದಿನವರೆಗೆ ಹೋಗುವುದು ಬೇಡ. ಜನರ ತಲೆಯಲ್ಲಿ ಉಳಿದದ್ದು ಕ್ಯಾಂಪಿನಲ್ಲಿ ಕಣ್ಣಲ್ಲಿ ನೀರು ತರಿಸಿದ ಕಡ್ಡಿ, ಕೈಗೆ ಸಿಕ್ಕಿದ್ದು ಮನೆಯ ಕಿಟ್. ಎರಡನ್ನೂ ಕಲಸಿಕೊಂಡು, ಗಿಡ್ಡ ಕಡ್ಡಿಯನ್ನು ಕನ್ನಡಿ ಮುಂದೆ ನಿಂತು ಹಿಂದಿನವರೆಗೆ ತುರುಕಲಿಕ್ಕೆ ನೋಡುತ್ತಾರೆ. ಬೇಡ ಮಾರಾಯ್ರೆ.

ಮೂಗನ್ನು ನಮ್ಮ ಕಡೆಯ ಹಳೆ ಮನೆ ಅಂತ ಎಣಿಸಿ. ಹೊಳ್ಳೆ ದಾಟಿದ ಕೂಡಲೇ ಜಗಲಿ, ಅದರ ಹಿಂದೆ ಚಾವಡಿ, ತೀರಾ ಕೊನೆಗೆ ಬೆಳಕಿಲ್ಲದ ಹಿಂದಿನ ಕೋಣೆ.

ಜಗಲಿ ಅಂದರೆ ಒಂದರಿಂದ ಒಂದೂವರೆ ಸೆಂಟಿಮೀಟರ್. ಕಡ್ಡಿಯ ತುದಿಯ ಮೆತ್ತನೆ ಭಾಗ ಪೂರ್ತಿ ಒಳಗೆ ಹೋದರೆ ಹೆಚ್ಚುಕಡಿಮೆ ಅಷ್ಟಾಯಿತು. ಚಾವಡಿ ಎರಡು ಸೆಂಟಿಮೀಟರಿನ ಆಸುಪಾಸಿನಲ್ಲಿ. ಅಲ್ಲಿ ಪಕ್ಕದ ಗೋಡೆಯಿಂದ ಸುರುಳಿಯಂಥ ಎಲುಬಿನ ಮಡಿಕೆಗಳು ಚಾಚಿಕೊಂಡಿರುತ್ತವೆ. ಕಡ್ಡಿಗೆ ಸಣ್ಣ ತಡೆ ಸಿಗುತ್ತದೆ, ನಿಮಗೆ ಸೀನು ಬರುವ ಹಾಗಾಗುತ್ತದೆ. ಕೋವಿಸೆಲ್ಫ್‌ನ ಸೂಚನೆಯಲ್ಲಿ ಎರಡರಿಂದ ನಾಲ್ಕು ಸೆಂಟಿಮೀಟರ್ ಅಂತ ಇರುವುದು ಈ ಚಾವಡಿಯ ಲೆಕ್ಕ. ಹಿಂದಿನ ಕೋಣೆ ಮೂಗು ಮತ್ತು ಗಂಟಲು ಸೇರುವ ಜಾಗ. ಹೊಳ್ಳೆಯಿಂದ ಕಿವಿಯ ತೂತಿನವರೆಗೆ ಎಷ್ಟು ದೂರವೋ ಅಷ್ಟು ಒಳಗೆ. ಉಳ್ಳಾಲದ ಅಜ್ಜಿಗೆ ನಾನು ಹೇಳಿದ್ದು ಸುಳ್ಳಲ್ಲ, ಹೇಳುವ ಹೊತ್ತು ತಪ್ಪಿತ್ತು ಅಷ್ಟೇ.

ಹಿಂದಿನ ಕೋಣೆಗೆ ಹೋಗುವ ದಾರಿ ಮೇಲಕ್ಕಲ್ಲ, ನೇರ ಹಿಂದಕ್ಕೆ. ಮೂಗಿನ ನೆಲ ಬಾಯಿಯ ಅಂಗುಳಕ್ಕೆ ಸಮಾನಾಂತರವಾಗಿ ಹೋಗುತ್ತದೆ. ಕಡ್ಡಿ ಆ ನೆಲದ ಮೇಲೆ ಜಾರಿಕೊಂಡು ಹೋಗಬೇಕು. ಹೊಸಬರು ಮಾಡುವ ತಪ್ಪು ಎಂತ ಅಂದರೆ ಮೂಗಿನ ಹೊರಗಿನ ಆಕಾರ ನೋಡಿ ಕಡ್ಡಿಯನ್ನು ಕಣ್ಣಿನ ಕಡೆಗೆ ಏರಿಸುವುದು. ಅಲ್ಲಿ ನೋವು, ರಕ್ತ, ಬೊಬ್ಬೆ. 2020ರಲ್ಲಿ ಅಮೆರಿಕದಲ್ಲಿ ಒಬ್ಬ ಹೆಂಗಸಿಗೆ ಸ್ವ್ಯಾಬ್ ಆದ ಮೇಲೆ ಮೂಗಿನಿಂದ ಮಿದುಳಿನ ಸುತ್ತಲಿನ ನೀರು ಸೋರಿದ್ದು ವೈದ್ಯರ ಪತ್ರಿಕೆಯಲ್ಲಿ ಬಂದಿತ್ತು. ಅವರ ತಲೆಬುರುಡೆಯ ತಳದಲ್ಲಿ ಮೊದಲೇ ಗೊತ್ತಿಲ್ಲದ ಒಂದು ದೋಷ ಇತ್ತು. ಇದು ತೀರಾ ಅಪರೂಪ. ಆದರೂ ಅಂದಿನಿಂದ ನಾನು ಕಡ್ಡಿ ತೆಗೆಯುವ ಮೊದಲು "ಮೂಗಿನದ್ದೋ ಸೈನಸ್‌ನದ್ದೋ ಆಪರೇಷನ್ ಆಗಿದೆಯಾ?" ಅಂತ ಕೇಳುವುದನ್ನು ತಪ್ಪಿಸಿಲ್ಲ. ಹಿಂದಿನ ಕೋಣೆಗೆ ಮನೆಯವರು ಹೋಗಲಿಕ್ಕೇ ಇಲ್ಲ. ಅದು ತರಬೇತಿ ಇದ್ದವರ ಕೆಲಸ.

"ಹಾಗಾದರೆ ಮುಂದಿನದ್ದು ತೆಗೆದರೆ ಟೆಸ್ಟ್ ಸರಿ ಆಗುತ್ತದಾ?" ಇದು ಎರಡನೆಯ ಪ್ರಶ್ನೆ, ಮೊದಲನೆಯದಕ್ಕಿಂತ ಬುದ್ಧಿವಂತ ಪ್ರಶ್ನೆ. ಜರ್ಮನಿಯ ಹೈಡೆಲ್‌ಬರ್ಗ್ ಮತ್ತು ಬರ್ಲಿನ್‌ನ ವೈದ್ಯರು ಇದನ್ನೇ 2020ರಲ್ಲಿ ನೋಡಿದರು. 289 ಜನ, ಅದೇ ಸ್ಟ್ಯಾಂಡರ್ಡ್ ಕ್ಯೂ ಕಿಟ್. ಪ್ರತಿಯೊಬ್ಬರೂ ಮೂಗಿನ ಮುಂಭಾಗದಿಂದ ತಾವೇ ಕಡ್ಡಿ ಹಾಕಿಕೊಂಡರು, ಪಕ್ಕದಲ್ಲಿ ಸಿಬ್ಬಂದಿ ನಿಂತು ನೋಡುತ್ತಿದ್ದರು. ಆಮೇಲೆ ಸಿಬ್ಬಂದಿ ಹಿಂದಿನ ಕೋಣೆಯಿಂದಲೂ ತೆಗೆದರು. ಲ್ಯಾಬಿನ ಯಂತ್ರದಲ್ಲಿ ಮಾಡುವ ಪಿಸಿಆರ್ (ಆರ್‌ಟಿ-ಪಿಸಿಆರ್) ಟೆಸ್ಟಿನಲ್ಲಿ ಪಾಸಿಟಿವ್ ಬಂದವರು 39 ಮಂದಿ. ಸ್ವಂತ ತೆಗೆದ ಕಡ್ಡಿ 29 ಮಂದಿಯನ್ನು ಹಿಡಿಯಿತು, ಸಿಬ್ಬಂದಿಯ ಆಳದ ಕಡ್ಡಿ 31 ಮಂದಿಯನ್ನು. ಎರಡೇ ಜನರ ವ್ಯತ್ಯಾಸ. ಕಣ್ಣೀರು ಹಾಕಿಸಿದ್ದಕ್ಕೆ ಇಷ್ಟೇ ಲಾಭವಾ ಅಂತ ನನಗೂ ಅನ್ನಿಸಿತ್ತು. ಆದರೆ ಒಂದು ಮಾತು ಮರೆಯಬಾರದು: ಅಲ್ಲಿ ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಿದ್ದರು. ನಿಮ್ಮ ಬಚ್ಚಲುಮನೆಯ ಕನ್ನಡಿ ಹಾಗೆ ನೋಡುವುದಿಲ್ಲ.

ಅದಕ್ಕೇ ನಾನು ಆಳ ಬಿಟ್ಟು ಉಜ್ಜುವುದರ ಬಗ್ಗೆ ಮಾತಾಡುವುದು. ನಮಗೆ ಬೇಕಾದ್ದು ಸುರಿಯುವ ಸಿಂಬಳ ಅಲ್ಲ, ಮೂಗಿನ ಗೋಡೆಗೆ ಅಂಟಿದ ಜೀವಕೋಶ. ವೈರಸ್ ಬೆಳೆಯುವುದು ಅದರೊಳಗೆ. ನೀರುದೋಸೆಗೆ ಕಾವಲಿ ಕಾಸಿ ಬದನೆ ತೊಟ್ಟಿನಿಂದ ಎಣ್ಣೆ ಸವರುತ್ತೀರಲ್ಲ, ನಡುವಿಗೆ ಮುಟ್ಟಿಸಿ ಬಿಟ್ಟರೆ ಬದಿಯಲ್ಲಿ ದೋಸೆ ಏಳುವುದಿಲ್ಲ. ಇಲ್ಲಿಯೂ ಹಾಗೆಯೇ. ಕಡ್ಡಿಯನ್ನು ಬೆರಳಲ್ಲಿ ಬರೀ ಗಿರಗಿರ ತಿರುಗಿಸಿದರೆ ಅದು ಗಾಳಿಯಲ್ಲಿ ತಿರುಗುತ್ತದೆ. ಗೋಡೆಗೆ ಒತ್ತಿ ಹಿಡಿದು, ಹೊಳ್ಳೆಯ ಒಳಸುತ್ತನ್ನು ದೊಡ್ಡ ವೃತ್ತದಲ್ಲಿ ಸವರಬೇಕು. ಸುಮಾರು ಐದು ಸುತ್ತು, ಹತ್ತರಿಂದ ಹದಿನೈದು ಸೆಕೆಂಡು. ಆಮೇಲೆ ಅದೇ ಕಡ್ಡಿ ಇನ್ನೊಂದು ಹೊಳ್ಳೆಗೆ, ಅಷ್ಟೇ ಹೊತ್ತು. ಹೆಚ್ಚಿನವರು ಮೂರು ಸೆಕೆಂಡಿನಲ್ಲಿ ಎರಡೂ ಹೊಳ್ಳೆ ಮುಗಿಸುತ್ತಾರೆ. ಒಮ್ಮೆ ಬಾಯಲ್ಲಿ ಹದಿನೈದರವರೆಗೆ ಎಣಿಸಿ ನೋಡಿ, ಎಷ್ಟು ಉದ್ದ ಅಂತ ಗೊತ್ತಾಗುತ್ತದೆ.

ಮೂಗು ಸುರಿಯುತ್ತಿದ್ದರೆ ಮೊದಲು ಒಮ್ಮೆ ಮೂಗು ಸೀಟಿ ಸಿಂಬಳ ತೆಗೆಯಿರಿ. ಗಟ್ಟಿ ಸಿಂಬಳ ಕಾರ್ಡಿನ ಪಟ್ಟಿಯಲ್ಲಿ ದ್ರವ ಹರಿಯುವುದನ್ನೇ ನಿಲ್ಲಿಸುತ್ತದೆ. ಮೂಗಿಗೆ ಬಿಡುವ ಎಣ್ಣೆ, ಸ್ಪ್ರೇ ಹಾಕಿದ ಕೂಡಲೇ ಟೆಸ್ಟ್ ಬೇಡ. ನಶ್ಯ ಹಾಕುವವರ ಕಥೆ ಕೇಳಲೇಬೇಡಿ. ಮುಲ್ಕಿಯ ಕಡೆಯ ಒಬ್ಬ ಅಜ್ಜನ ಮೂಗಿನಿಂದ ಕಡ್ಡಿ ಹೊರಗೆ ಬಂದದ್ದು ಗೇರುಬೀಜ ಹುರಿದ ಬಣ್ಣದಲ್ಲಿ. ಆ ಕಡ್ಡಿ ಬಿಸಾಡಿದೆ, ಅಜ್ಜ ಮೂಗು ತೊಳೆದು ಬಂದರು, ಮಧ್ಯಾಹ್ನ ಎರಡನೆಯ ಸಲ ತೆಗೆದೆ. ಮೂಗಿನಿಂದ ರಕ್ತ ಬರುವವರು ಅದು ನಿಂತು ಒಂದು ದಿನ ಕಳೆದ ಮೇಲೆ ಮಾಡಿ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ. ಕಾರ್ಡಿನಲ್ಲಿ ಸಿ (ಕಂಟ್ರೋಲ್) ಗೆರೆ ಬಂದರೆ "ಟೆಸ್ಟ್ ಸರಿಯಾಗಿ ಆಗಿದೆ" ಅಂತ ಎಲ್ಲರೂ ನಂಬುತ್ತಾರೆ. ಸಿ ಗೆರೆ ಹೇಳುವುದು ದ್ರವ ಪಟ್ಟಿಯಲ್ಲಿ ಕೊನೆವರೆಗೆ ಹರಿಯಿತು ಅಂತ, ಬೇರೆ ಏನೂ ಅಲ್ಲ. ಮೂಗಿಗೆ ಮುಟ್ಟಿಸದ ಹೊಸ ಕಡ್ಡಿಯನ್ನು ದ್ರವದಲ್ಲಿ ಅದ್ದಿ ಹನಿ ಹಾಕಿದರೂ ಸಿ ಗೆರೆ ಚಂದಕ್ಕೆ ಬರುತ್ತದೆ, ವೈರಸ್ ಸಿಕ್ಕಿದರೆ ಮೂಡುವ ಟಿ ಗೆರೆ ಬರುವುದಿಲ್ಲ. ನೋಡುವವರಿಗೆ ಅದು ಶುದ್ಧ ನೆಗೆಟಿವ್! ಕಡ್ಡಿಯಲ್ಲಿ ಮೂಗಿನದ್ದು ಏನಾದರೂ ಉಂಟಾ ಇಲ್ಲವಾ ಅಂತ ಈ ಕಾರ್ಡಿಗೆ ಗೊತ್ತಾಗುವುದಿಲ್ಲ. ಆ ಜವಾಬ್ದಾರಿ ಪೂರ್ತಿ ನಿಮ್ಮ ಕೈಯದ್ದು. ಅವಸರದಲ್ಲಿ ಮುಟ್ಟಿಸಿ ತೆಗೆದ ಕಡ್ಡಿಯಿಂದ ಪಾಸಿಟಿವ್ ಮನುಷ್ಯನಿಗೂ ನೆಗೆಟಿವ್ ಸರ್ಟಿಫಿಕೇಟ್ ಸಿಗುತ್ತದೆ.

ಪಿಸಿಆರ್‌ಗೂ ಇದಕ್ಕೂ ಇರುವ ವ್ಯತ್ಯಾಸವೂ ಇಲ್ಲೇ. ಪಿಸಿಆರ್ ಯಂತ್ರ ಚೂರು ಸಿಕ್ಕಿದರೂ ಅದನ್ನು ನಕಲು ಮಾಡಿ ಮಾಡಿ ಲಕ್ಷಗಟ್ಟಲೆ ಮಾಡಿಕೊಳ್ಳುತ್ತದೆ. ಈ ಕಾರ್ಡು ನಕಲು ಮಾಡುವುದಿಲ್ಲ. ಕಡ್ಡಿ ತಂದಷ್ಟೇ ವೈರಸ್ ಪ್ರೋಟೀನು ಅದಕ್ಕೆ ಬಂಡವಾಳ. ಐಸಿಎಂಆರ್ ಮೊದಲ ಕಿಟ್ಟನ್ನು ಎರಡು ಕಡೆ ಪರೀಕ್ಷಿಸಿದಾಗ ಸೋಂಕಿತರಲ್ಲಿ ಅದು ಹಿಡಿದದ್ದು ನೂರಕ್ಕೆ 50.6ರಿಂದ 84 ಮಂದಿಯನ್ನು. ಮೂಗಿನಲ್ಲಿ ವೈರಸ್ ಎಷ್ಟು ಉಂಟು ಅನ್ನುವುದರ ಮೇಲೆ ಅದು ನಿಂತಿತ್ತು. ಸೋಂಕಿಲ್ಲದವರನ್ನು ಪಾಸಿಟಿವ್ ಅಂತ ಹೇಳಿದ್ದು ಮಾತ್ರ ತೀರಾ ಕಡಿಮೆ. ಅಂದರೆ ಇದು ಹೌದು ಅಂದರೆ ನಂಬಬಹುದು, ಇಲ್ಲ ಅಂದರೆ ಇನ್ನೊಮ್ಮೆ ಕೇಳಬೇಕು.

ಕಡ್ಡಿ ಟ್ಯೂಬಿಗೆ ಬಂದ ಮೇಲಿನ ಕೆಲಸ ಬೇಗ ಹೇಳುತ್ತೇನೆ. ದ್ರವದಲ್ಲಿ ಕಡ್ಡಿಯನ್ನು ಚೆನ್ನಾಗಿ ತಿರುಗಿಸಿ, ಟ್ಯೂಬಿನ ಹೊಟ್ಟೆಯನ್ನು ಬೆರಳಿಂದ ಒತ್ತಿ ತುದಿಯನ್ನು ಹಿಂಡಿ. ಕೆಲವು ಕಿಟ್‌ಗಳಲ್ಲಿ ಕಡ್ಡಿ ಹಿಂಡಿ ಹೊರಗೆ ತೆಗೆಯಬೇಕು, ಕೋವಿಸೆಲ್ಫ್‌ನಲ್ಲಿ ಮುರಿದು ಒಳಗೇ ಬಿಡಬೇಕು. ಹನಿಯ ಲೆಕ್ಕವೂ ಒಂದೊಂದಕ್ಕೆ ಒಂದೊಂದು. ಕೋವಿಸೆಲ್ಫ್‌ಗೆ ಎರಡು, ಸ್ಟ್ಯಾಂಡರ್ಡ್ ಕ್ಯೂಗೆ ಮೂರು, ಪ್ಯಾನ್‌ಬಯೋ ಎಂಬ ಇನ್ನೊಂದು ಕಿಟ್ಟಿಗೆ ಐದು. ಹಳೆ ಡಬ್ಬಿಯ ನೆನಪಲ್ಲಿ ಹೊಸ ಕಿಟ್ ಮಾಡಬೇಡಿ. ಟ್ಯೂಬನ್ನು ನೇರ ಹಿಡಿದು ಹನಿ ಹಾಕಿ, ಓರೆ ಹಿಡಿದರೆ ಗುಳ್ಳೆ ಬೀಳುತ್ತದೆ. ಆ ದ್ರವವನ್ನು ಮೂಗಿಗೆ ಬಿಡಲಿಕ್ಕಿಲ್ಲ. ನಗಬೇಡಿ, ಕಡ್ಡಿಯನ್ನು ಮೊದಲು ದ್ರವದಲ್ಲಿ ಅದ್ದಿ ಆಮೇಲೆ ಮೂಗಿಗೆ ಹಾಕಿಕೊಂಡವರನ್ನು ನಾನೇ ನೋಡಿದ್ದೇನೆ. ಕೆಲವು ಕಿಟ್‌ಗಳ ದ್ರವದಲ್ಲಿ ಸೋಡಿಯಂ ಅಜೈಡ್ ಎಂಬ ವಿಷ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಮಕ್ಕಳ ಕೈಗೆ ಕೊಡಬೇಡಿ.

ನಮ್ಮ ಊರಿನ ಹವೆಗೆ ಸೇರಿದ ಒಂದು ಮಾತು ಬೇರೆ ಉಂಟು. ಕಿಟ್ಟಿನ ಡಬ್ಬಿಯ ಮೇಲೆ 30 ಡಿಗ್ರಿ ದಾಟಬಾರದು ಅಂತ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅರ್ಧ ದಿನ ಇಟ್ಟ ಕಿಟ್ಟನ್ನು ನಾನಾದರೆ ನಂಬುವುದಿಲ್ಲ. ಮಳೆಗಾಲದ ಕಥೆ ಬೇರೆ. ಜುಲೈನಲ್ಲಿ ಹಪ್ಪಳ ಡಬ್ಬಿಯಿಂದ ತೆಗೆದಿಟ್ಟ ಗಳಿಗೆಯಲ್ಲಿ ಮೆತ್ತಗಾಗುತ್ತದಲ್ಲ, ಕಾರ್ಡಿನೊಳಗಿನ ಪಟ್ಟಿಯೂ ಹಾಗೆಯೇ ತೇವ ಹೀರುತ್ತದೆ. ಪೌಚಿನಲ್ಲಿ ಒಂದು ಸಣ್ಣ ಪುಡಿಕೆ ಇಟ್ಟಿರುವುದು ಅದಕ್ಕೇ. ಮೂಗು ರೆಡಿ, ಟ್ಯೂಬ್ ರೆಡಿ ಅಂದ ಮೇಲೆ ಪೌಚ್ ಹರಿಯಿರಿ. ಫ್ರಿಜ್‌ನಲ್ಲಿ ಇಟ್ಟಿದ್ದರೆ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ಆದರೆ ಪೌಚ್ ಮುಚ್ಚಿಯೇ ಇರಲಿ.

ಗಡಿಯಾರದ ವಿಷಯದಲ್ಲಿ ನಾನೇ ಪಾಠ ಕಲಿತವಳು. 2021ರಲ್ಲಿ ಒಂದು ಕೆಲಸದ ಜಾಗದಲ್ಲಿ ಕ್ಯಾಂಪ್. ಹೆಸರು ಬೇಡ. "ಬೇಗ ಮುಗಿಸಿ ಮೇಡಂ, ಶಿಫ್ಟ್ ಬದಲಾಗಲಿಕ್ಕುಂಟು" ಅಂತ ಮೇಲ್ವಿಚಾರಕರ ಒತ್ತಾಯ. ಒಂದು ಮೇಜಿನಲ್ಲಿ ನಲವತ್ತು ಕಾರ್ಡು ಸಾಲಾಗಿ ಇಟ್ಟೆವು. ಹೆಸರು ಬರೆದಿದ್ದೆವು, ಹೊತ್ತು ಬರೆದಿರಲಿಲ್ಲ. ಯಾವ ಕಾರ್ಡಿಗೆ ಹತ್ತು ನಿಮಿಷ ಆಯಿತು, ಯಾವುದಕ್ಕೆ ನಲವತ್ತು ಅಂತ ಯಾರಿಗೂ ಗೊತ್ತಿಲ್ಲದ ಹಾಗಾಯಿತು. ಒಂದು ಕಾರ್ಡಿನಲ್ಲಿ ತಡವಾಗಿ ಮೂಡಿದ ಬೂದು ನೆರಳನ್ನು ನೋಡಿ ಒಬ್ಬ ಹುಡುಗನನ್ನು ಮನೆಗೆ ಕಳಿಸಿದರು. ಅವನಿಗೆ ಮರುದಿನ ಪಿಸಿಆರ್ ನೆಗೆಟಿವ್. ಅವನ ಒಂದು ದಿನದ ಸಂಬಳ ಹೋಯಿತು, ನಾನು ಕ್ಷಮೆ ಕೇಳಿದೆ, ಸಂಬಳ ಯಾರೂ ವಾಪಸು ಕೊಡಲಿಲ್ಲ. ಅಂದಿನಿಂದ ಹನಿ ಹಾಕಿದ ಕೂಡಲೇ ಬಾಲ್‌ಪೆನ್ನಿನಲ್ಲಿ ಕಾರ್ಡಿನ ಅಂಚಿಗೆ ಗಂಟೆ-ನಿಮಿಷ ಬರೆಯುತ್ತೇನೆ. ಮನೆಯಲ್ಲಿ ಮೊಬೈಲ್ ಅಲಾರಂ ಸಾಕು. ಕೋವಿಸೆಲ್ಫ್ ಆದರೆ 15 ನಿಮಿಷಕ್ಕೆ ನೋಡಿ, 20 ದಾಟಿದ ಮೇಲೆ ನೋಡಬೇಡಿ. ಆ ಹೊತ್ತಿನೊಳಗೆ ಟಿ ಗೆರೆ ಎಷ್ಟೇ ತೆಳುವಾಗಿ ಬಂದರೂ ಅದು ಪಾಸಿಟಿವ್. ಕಿಟಕಿ ಹತ್ತಿರ ಹಿಡಿದು ನೋಡಿ, ಟ್ಯೂಬ್‌ಲೈಟ್ ಕೆಳಗೆ ಕಣ್ಣು ಮೋಸ ಹೋಗುತ್ತದೆ.

ಗಂಟಲಿನದ್ದು ತೆಗೆದರೆ ಒಳ್ಳೆಯದಲ್ಲವಾ ಅಂತ ಒಮಿಕ್ರಾನ್ ಬಂದಾಗ ಎಲ್ಲರೂ ಕೇಳಿದರು. ಹಲವರಿಗೆ ಮೊದಲು ಗಂಟಲು ಕೆರೆಯುತ್ತಿತ್ತು, ಮೂಗು ಆಮೇಲೆ. ಮೂಗು-ಗಂಟಲು ಎರಡನ್ನೂ ಸೇರಿಸಿ ತೆಗೆದರೆ ಹೆಚ್ಚು ಸಿಗುತ್ತದೆ ಅಂತ ಕೆಲವು ದೇಶಗಳಲ್ಲಿ ಹೇಳಿದ್ದುಂಟು, ಬ್ರಿಟನ್ನಿನ ಕೆಲವು ಕಿಟ್‌ಗಳಲ್ಲಿ ಎರಡೂ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾತ್ರ ಮೂಗಿನ ಕಿಟ್ಟಿನ ಕಡ್ಡಿಯನ್ನು ಗಂಟಲಿಗೆ ಹಾಕಬೇಡಿ ಅಂದಿತು. ನಾನೂ ಅದನ್ನೇ ಹೇಳುವುದು. ಗಂಟಲಿನ ಸ್ವ್ಯಾಬ್‌ನಲ್ಲಿ ನಾಲಿಗೆ, ಹಲ್ಲು ಮುಟ್ಟದೆ ಟಾನ್ಸಿಲ್‌ಗಳನ್ನೂ ಹಿಂದಿನ ಗೋಡೆಯನ್ನೂ ಸವರಬೇಕು. ಸ್ವಂತ ಮಾಡಿಕೊಳ್ಳುವವರಿಗೆ ಮೊದಲು ಬರುವುದು ವಾಂತಿ. ಮೇಲಾಗಿ ಬಾಯಲ್ಲಿ ತಿಂದು ಕುಡಿದದ್ದರ ಉಳಿಕೆ ಇರುತ್ತದೆ. ಕೋಲಾ, ಹಣ್ಣಿನ ರಸದಂಥ ಹುಳಿ ಪದಾರ್ಥ ನೇರ ಕಾರ್ಡಿಗೆ ಬಿದ್ದರೆ ಸುಳ್ಳು ಟಿ ಗೆರೆ ಬರುತ್ತದೆ. ಇಂಗ್ಲೆಂಡಿನ ಶಾಲೆಮಕ್ಕಳು ರಜೆ ಗಿಟ್ಟಿಸಲಿಕ್ಕೆ ಇದೇ ಉಪಾಯ ಮಾಡಿದ್ದರು. ನಮ್ಮ ಮಕ್ಕಳಿಗೆ ಪುನರ್ಪುಳಿ ಜ್ಯೂಸ್ ನೆನಪಾಗದಿದ್ದದ್ದು ಪುಣ್ಯ.

ಮಕ್ಕಳಿಗೆ ಟೆಸ್ಟ್ ಮಾಡುವಾಗ ಎರಡು ಜನ ಬೇಕು. ಒಬ್ಬರು ಮಡಿಲಲ್ಲಿ ಕೂರಿಸಿ, ಮಗುವಿನ ತಲೆ ತಮ್ಮ ಎದೆಗೆ ಒರಗುವ ಹಾಗೆ ಹಣೆ ಹಿಡಿಯಬೇಕು. ಜಗಲಿ ಸಾಕು, ಚಾವಡಿ ಬೇಡ. ಎರಡು ವರ್ಷಕ್ಕಿಂತ ಸಣ್ಣವರಿಗೆ ಮನೆಯ ಕಿಟ್ ಬೇಡ, ಡಾಕ್ಟರ ಹತ್ತಿರ ಹೋಗಿ.

ನೆಗೆಟಿವ್ ಬಂದವರಿಗೆ ನನ್ನದೇ ಕಥೆ ಹೇಳುತ್ತೇನೆ. 2022ರ ಜನವರಿ ಕೊನೆ. ಬೆಳಿಗ್ಗೆ ಗಂಟಲು ಕೆರೆತ, ಸಂಜೆ ಕಾಪುವಿನಲ್ಲಿ ಚಿಕ್ಕಮ್ಮನ ಮಗಳ ಮೆಹೆಂದಿ. ಸೀರೆ ಇಸ್ತ್ರಿ ಮಾಡಿ ಆಗಿತ್ತು. ಕಿಟ್ ತೆಗೆದು ಟೆಸ್ಟ್ ಮಾಡಿದೆ, ನೆಗೆಟಿವ್, ಹೋದೆ. ಮೂರನೆಯ ದಿನ ಜ್ವರದಲ್ಲಿ ಮತ್ತೆ ಮಾಡಿದಾಗ ಟಿ ಗೆರೆ ಸಿ ಗೆರೆಗಿಂತ ದಪ್ಪ. ಅಷ್ಟರಲ್ಲಿ ಮದುಮಗಳ ಅಮ್ಮನಿಗೂ ಜ್ವರ. ಊರಿಗೆಲ್ಲ ಹದಿನೈದು ಸೆಕೆಂಡ್ ಎಣಿಸಿ ಅನ್ನುವ ನಾನು ಅಂದು ಎಷ್ಟು ಎಣಿಸಿದ್ದೆ ಅಂತ ನೆನಪೇ ಇಲ್ಲ. ಆದರೆ ಸರಿಯಾಗಿ ಎಣಿಸಿದ್ದರೂ ಬರುತ್ತಿತ್ತೋ ಇಲ್ಲವೋ. ಮೊದಲ ದಿನ ಮೂಗಿನಲ್ಲಿ ವೈರಸ್ ಇನ್ನೂ ಕಾರ್ಡಿಗೆ ಕಾಣುವಷ್ಟು ಬೆಳೆದಿರುವುದಿಲ್ಲ. ಎಫ್‌ಡಿಎ 2022ರ ಆಗಸ್ಟಿನಲ್ಲಿ ಹೇಳಿದ ಲೆಕ್ಕ ಹೀಗೆ: ಲಕ್ಷಣ ಇದ್ದು ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಇನ್ನೊಮ್ಮೆ, ಲಕ್ಷಣ ಇಲ್ಲದೆ ಸಂಪರ್ಕ ಮಾತ್ರ ಇದ್ದರೆ 48 ಗಂಟೆಯ ಅಂತರದಲ್ಲಿ ಒಟ್ಟು ಮೂರು ಸಲ. ನಮ್ಮ ಐಸಿಎಂಆರ್ ಹೇಳಿದ್ದು, ಲಕ್ಷಣ ಇದ್ದು ನೆಗೆಟಿವ್ ಬಂದವರು ಆರ್‌ಟಿ-ಪಿಸಿಆರ್ ಮಾಡಿಸಿ ಅಂತ. ಮನೆಯಲ್ಲಿ ವಯಸ್ಸಾದವರು, ಡಯಾಲಿಸಿಸ್‌ನವರು ಇದ್ದರೆ ಪಿಸಿಆರೇ ಮಾಡಿಸಿ. ಉಳಿದವರು ಎರಡು ದಿನ ಮಾಸ್ಕ್ ಹಾಕಿ ಬೇರೆ ಕೋಣೆಯಲ್ಲಿ ಮಲಗಿ.

ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಕೋವಿಡ್ ಒಂದೇ ತಲೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಮಂಗಳೂರಿನ ಮಳೆಗಾಲದಲ್ಲಿ ಮಲೇರಿಯಾ ಉಂಟು, ಡೆಂಗಿ ಉಂಟು, ಗದ್ದೆಗೆ ಇಳಿದವರಿಗೆ ಇಲಿಜ್ವರವೂ ಉಂಟು. ಅದಕ್ಕೆ ಮೂಗಲ್ಲ, ರಕ್ತ ಕೊಡಬೇಕು.

ಮುಗಿದ ಮೇಲೆ ಕಡ್ಡಿ, ಟ್ಯೂಬ್, ಕಾರ್ಡು ಎಲ್ಲ ಕಿಟ್ಟಿನ ಜೊತೆ ಬಂದ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಚೀಲ ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ತೊಟ್ಟೆ. ಒಣಕಸದ ಜೊತೆ ಸೇರಿಸಬೇಡಿ, ಡೈಪರ್ ಕೊಡುವ ಹಾಗೆ ಬೇರೆ ಕಟ್ಟಿ ಗಾಡಿಯವರ ಕೈಗೆ ಹೇಳಿ ಕೊಡಿ. ಅವರು ಅದನ್ನು ಬರಿಗೈಯಲ್ಲಿ ಬಿಡಿಸಿ ನೋಡುವುದುಂಟು.